ಸ್ವರ ಉಳಿದು ವ್ಯಂಜನ ಅಳಿದಾಗ

ಭಾರತೀಯ ಚಲನಚಿತ್ರದ ಇತಿಹಾಸದಲ್ಲಿ ನಾಸಿಕ್ ನಗರಕ್ಕೆ ವಿಶಿಷ್ಟವಾದ ಸ್ಥಾನವಿದೆ. ಸಮೀಪದ ತ್ರ್ಯಂಬಕೇಶ್ವರದಲ್ಲಿ 1870ರಲ್ಲಿ ಜನಿಸಿದ ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದ ಬಳಿಕ ಈ ಊರಿಗೇ ಬಂದು ಮೂಕಚಿತ್ರಗಳನ್ನು ತಯಾರಿಸಿದರು. 1931ರಲ್ಲಿ ‘ಆಲಂ ಆರಾ’, 1934ರಲ್ಲಿ ಕನ್ನಡದ ‘ಸತಿ ಸುಲೋಚನ’ ಮಾತನಾಡತೊಡಗಿದಾಗ ಚಿತ್ರಮಂದಿರಗಳಲ್ಲಿ ಧ್ವನಿವರ್ಧಕಕ್ಕೆ ಖಾಯಂ ಸ್ಥಾನ ದೊರೆಯಿತು. ಅದರ ಹುಟ್ಟಿನ ಕಥೆಯನ್ನು ಬಹಳ ಮಂದಿ ಬರೆದಿದ್ದಾರೆ. ಅದರ ಮುಪ್ಪಿನ ಕಥೆಯನ್ನು ಬರೆದವರು ವಿರಳ.

ಇಂದಿನ ಧ್ವನಿವರ್ಧಕದ ಮೂಲವಿನ್ಯಾಸವನ್ನು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಆಯಸ್ಕಾಂತದ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿ, ಅದಕ್ಕೆ ಅಂಟಿಸಿದ ಕಾಗದದ ಕೋನ್. ಆಯಸ್ಕಾಂತವು ಕಾಲಕಾಲಕ್ಕೆ ಬದಲಾಯಿತು: ಮೊದಲು ವಿದ್ಯುದಯಸ್ಕಾಂತ, ಆಮೇಲೆ ಆಲ್ನಿಕೊ, 1970ರ ದಶಕದ ಕೊನೆಯಲ್ಲಿ ಜೈರೆಯ ಕೋಬಾಲ್ಟ್ ದುಬಾರಿಯಾದ ಮೇಲೆ ಬಹುಮಟ್ಟಿಗೆ ಫೆರೈಟ್. ಚಲಿಸುವ ಭಾಗಗಳ ವಿನ್ಯಾಸ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಮುಪ್ಪು ಆವರಿಸುವುದೂ ಮುಖ್ಯವಾಗಿ ಅವನ್ನೇ.

ಸೆಕೆಂಡಿಗೆ 100 ಕಂಪನಗಳ ಒಂದು ತಗ್ಗಿನ ನಾದವನ್ನು ನುಡಿಸುವ ಕೋನ್ ಒಂದು ಗಂಟೆಯಲ್ಲಿ 3,60,000 ಬಾರಿ ಹಿಂದೆ ಮುಂದೆ ಚಲಿಸುತ್ತದೆ. ಅದನ್ನು ಹಿಡಿದಿರುವ ಫೋಮಿನ ಅಂಚು ಗಾಳಿಯ ತೇವಕ್ಕೂ ಆಮ್ಲಜನಕಕ್ಕೂ ಸಿಕ್ಕಿ, ಬಳಸದಿದ್ದರೂ, ಒಂದೆರಡು ದಶಕಗಳಲ್ಲಿ ಪುಡಿಯಾಗುತ್ತದೆ. ಮನೆಯ ಸ್ಪೀಕರಿಗೆ ಹರಿಯುವ ವಿದ್ಯುತ್ತಿನಲ್ಲಿ ಧ್ವನಿಯಾಗುವುದು ನೂರಕ್ಕೆ ಒಂದೆರಡು ಪಾಲು. ಉಳಿದುದೆಲ್ಲ ಬಹುತೇಕ ಶಾಖ. ತಾಮ್ರದ ಸುರುಳಿಯ ಉಷ್ಣತೆ 100 ಡಿಗ್ರಿ ಏರಿದರೆ ಅದರ ವಿದ್ಯುತ್ ರೋಧ ಸುಮಾರು ಶೇಕಡ 39ರಷ್ಟು ಹೆಚ್ಚುತ್ತದೆ, ಧ್ವನಿ ಕುಗ್ಗುತ್ತದೆ, ಅಂಟು ಸಡಿಲಗೊಳ್ಳುತ್ತದೆ. ಜಾತ್ರೆ, ಸಭೆಗಳ ಹಾರ್ನಿನಲ್ಲಿ ಕೋನಿನ ಬದಲು ತೆಳುವಾದ ಪೊರೆಯಿರುತ್ತದೆ; ದೀರ್ಘಕಾಲದ ಬಡಿತದಿಂದ ಅದು ದಣಿದು ಬಿರುಕು ಬಿಡುತ್ತದೆ.

ಹಾಡನ್ನು ಸವೆದ ಸ್ಪೀಕರಿನಲ್ಲಿಯೂ ಸವಿಯಬಹುದು; ಮಾತಿನ ಸಂಗತಿ ಬೇರೆ. ಮಾತನ್ನು ಊರೂರಿಗೆ ಒಯ್ದದ್ದು ರೇಡಿಯೊ. ಸ್ವಾತಂತ್ರ್ಯ ಬಂದಾಗ ದೇಶೀಯ ಸಂಸ್ಥಾನಗಳಲ್ಲಿದ್ದ ಐದು ಬಾನುಲಿ ಕೇಂದ್ರಗಳಲ್ಲಿ ಒಂದು, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಮೈಸೂರಿನ ಆಕಾಶವಾಣಿ. ಇನ್ನೊಂದು ಔರಂಗಾಬಾದಿನದು, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದ್ದು. ಬೀದರ್, ಕಲಬುರಗಿ, ರಾಯಚೂರುಗಳಂತೆ ಆ ಊರೂ ಆಗ ನಿಜಾಮನ ಸೀಮೆಯಲ್ಲಿತ್ತು. ಸುದ್ದಿ ಕೇಳುವವನಿಗೆ ನಾದ ಸಾಲದು, ಪದ ಬೇಕು.

ಪದವನ್ನು ಪದವಾಗಿಸುವ ವ್ಯಂಜನಗಳ ಶಕ್ತಿ ಬಹುಪಾಲು ಮೇಲಿನ ಕಂಪನಾಂಕಗಳಲ್ಲಿದೆ. ಸವೆದ ಪೊರೆ ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು ಅವನ್ನೇ. ಸ್ವರ ಉಳಿಯುತ್ತದೆ, ವ್ಯಂಜನ ಅಳಿಯುತ್ತದೆ. ‘ಶಾಂತಾ’ ಯಾರು, ‘ಕಾಂತಾ’ ಯಾರು ತಿಳಿಯದು. ಈ ಕ್ಷಯ ಬಹಳ ನಿಧಾನವಾದುದರಿಂದ ದಿನವೂ ಕೇಳುವ ಕಿವಿಗೆ ಗೊತ್ತಾಗದು. ಮಾತು ಕೇಳುತ್ತಿಲ್ಲವೆಂದು ಶಬ್ದವನ್ನು ಏರಿಸಿದರೆ ಸುರುಳಿ ಇನ್ನಷ್ಟು ಕಾಯುತ್ತದೆ, ಮುಪ್ಪು ಇನ್ನಷ್ಟು ಬೇಗ ಬರುತ್ತದೆ.

ಇದರ ಬೆಲೆ ಎಷ್ಟೆಂಬುದು ನಾಸಿಕ್‌ನ ಸಿಂಹಸ್ಥ ಕುಂಭಮೇಳದಂತಹ ಜನಸಾಗರದಲ್ಲಿ ತಿಳಿಯುತ್ತದೆ. 2003ರ ಆಗಸ್ಟ್ 27ರಂದು ಅಲ್ಲಿ ನಡೆದ ಕಾಲ್ತುಳಿತದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ದುರಂತಕ್ಕೆ ಧ್ವನಿವರ್ಧಕವನ್ನು ಹೊಣೆ ಮಾಡುವುದು ಸಲ್ಲದು. ಆದರೆ ಅಂತಹ ಗಳಿಗೆಯಲ್ಲಿ ‘ಎಡಕ್ಕೆ ಹೋಗಿ’, ‘ನಿಲ್ಲಿ’ ಎಂಬ ಮಾತು ಮಾತಾಗಿಯೇ ಕಿವಿಗೆ ಬೀಳಬೇಕು. ಕಳೆದುಹೋದ ಮಗುವಿನ ಹೆಸರು ಹೆಸರಾಗಿಯೇ ಕೇಳಬೇಕು. ಈ ಮೇಳ ಬರುವುದು 12 ವರ್ಷಕ್ಕೊಮ್ಮೆ. 2015ರಲ್ಲಿ ಹೊಸದಾಗಿದ್ದ ಪೊರೆ 2027ಕ್ಕೆ ಹಳತಾಗಿರುತ್ತದೆ.

2000ದ ಶಬ್ದಮಾಲಿನ್ಯ ನಿಯಮಗಳು ಅಳೆಯುವುದು ಶಬ್ದದ ಪ್ರಮಾಣವನ್ನು. ಮಾತಿನ ಸ್ಪಷ್ಟತೆಯನ್ನು 0ರಿಂದ 1ರವರೆಗೆ ಅಳೆಯುವ ಸೂಚ್ಯಂಕವೂ 1970ರ ದಶಕದಲ್ಲಿಯೇ ನೆದರ್ಲೆಂಡಿನಲ್ಲಿ ರೂಪುಗೊಂಡಿತು. ಉಪಕರಣವಿಲ್ಲದವರಿಗೆ ಸರಳವಾದ ದಾರಿಯೊಂದಿದೆ: ನಮ್ಮ ಹೊರನಾಡ ಸಂಘಗಳ ವೇದಿಕೆಯಾಗಲಿ, ದೇವಾಲಯದ ಅಂಗಳವಾಗಲಿ, ಒಬ್ಬರು ಅಪರಿಚಿತ ಹೆಸರುಗಳ ಪಟ್ಟಿಯನ್ನು ಓದಲಿ, ಕೊನೆಯ ಸಾಲಿನಲ್ಲಿ ಕುಳಿತ ಇನ್ನೊಬ್ಬರು ಅದನ್ನು ಬರೆದುಕೊಳ್ಳಲಿ. ಎರಡು ಪಟ್ಟಿಗಳೂ ತಾಳೆಯಾಗುವವರೆಗೆ ಆ ಧ್ವನಿವರ್ಧಕಕ್ಕೆ ಇನ್ನೂ ಮಾತು ಬರುತ್ತದೆಂದು ನಂಬಬಹುದು.