ಸೂರ್ಯಕಾಂತವೂ ಕುಲುಮೆಯೂ

ಅಜ್ಜನ ಭೂತಕನ್ನಡಿ ಹಿಡಿದು ಹತ್ತಿಯ ಅರಳೆಗೆ ಹೊಗೆ ಏಳಿಸಿ ಬೈಸಿಕೊಂಡದ್ದು ನನಗಿನ್ನೂ ನೆನಪಿದೆ. ಆದವಾನಿ ಹತ್ತಿಯ ಊರು, ಅಲ್ಲಿ ಕಿಡಿಯ ಆಟ ಸಲ್ಲದು. ಅಜ್ಜ ಬೈದದ್ದು ಕನ್ನಡದಲ್ಲಿ, ನೆರೆಯವರು ನಕ್ಕದ್ದು ತೆಲುಗಿನಲ್ಲಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದುವು. ಮೂರು ವರ್ಷಗಳ ಮೇಲೆ ಕಾಸರಗೋಡಿಗೆ ಆದದ್ದನ್ನು ನಿಮಗೆ ನಾನು ಹೇಳಬೇಕಿಲ್ಲ.

ಆ ಬಿಸಿಲಿಗೆ ಚಿನ್ನ ಕರಗೀತೆ ಎಂದು ಅಂದೇ ಯೋಚಿಸಿದ್ದೆ. ಕಾರಣ, ಪತ್ತಿಕೊಂಡದ ಆಚೆಗಿರುವ ಜೊನ್ನಗಿರಿ. ಅಲ್ಲಿ ಹಳೆಗಾಲದ ಚಿನ್ನದ ಗಣಿಗಳ ಗುಂಡಿಗಳಿವೆ. ಮುಂಗಾರು ಬಿದ್ದೊಡನೆ ಜನ ಹೊಲಗಳಲ್ಲಿ ವಜ್ರ ಹುಡುಕುತ್ತಾರೆ. ಅಶೋಕನ ಶಾಸನವಿರುವ ಎರ್ರಗುಡಿಯೂ ಅದೇ ಸೀಮೆ. ಬ್ರಹ್ಮಗಿರಿಯ ಶಾಸನದಲ್ಲಿ ಬರುವ ಸುವರ್ಣಗಿರಿ ಈ ಜೊನ್ನಗಿರಿಯೇ ಎಂದು ಕೆಲವು ವಿದ್ವಾಂಸರು, ಮಸ್ಕಿ ಕಡೆಯ ಕನಕಗಿರಿ ಎಂದು ಇನ್ನು ಕೆಲವರು. ನನ್ನ ಮತ ಜೊನ್ನಗಿರಿಗೆ, ತವರಿನ ಪಕ್ಷಪಾತವೆನ್ನಿ.

ಬಿಸಿಲು ತಾಗಿದರೆ ಬೆಂಕಿ ಕಾರುವ ಸೂರ್ಯಕಾಂತ ಶಿಲೆ ನಮ್ಮ ಕಾವ್ಯಗಳಿಗೆ ಹೊಸದಲ್ಲ. ಆದರೆ ಅಕ್ಕಸಾಲಿ ನೆಚ್ಚಿದ್ದು ಇದ್ದಿಲು, ಮೂಸೆ, ಊದುಗೊಳವೆಗಳನ್ನು. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕಬ್ಬಿಣ 1538ರಲ್ಲಿ. ಬಿಸಿಲಿಗೆ ಇದು ಅಸಾಧ್ಯವೇನಲ್ಲ. ಪೋರ್ಚುಗಲ್ಲಿನ ಒಬ್ಬ ಪಾದ್ರಿ (ಎತ್ತರದ ಆಳೆಂದು ಆತನಿಗೆ ‘ಹಿಮಾಲಯ’ ಎಂಬ ಅಡ್ಡಹೆಸರು!) 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೇಳದಲ್ಲಿ ಕನ್ನಡಿಗಳನ್ನು ಜೋಡಿಸಿ ಸುಮಾರು 3500 ಡಿಗ್ರಿಯ ಕಾವು ಹುಟ್ಟಿಸಿದ.

ತೊಡಕಿರುವುದು ಬೇರೆ ಕಡೆ. ಅದಿರಿನಲ್ಲಿ ಕಬ್ಬಿಣ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ. ಕುಲುಮೆಯ ಇದ್ದಿಲು ಕಾವು ಕೊಡುವುದಲ್ಲದೆ ಆ ಆಮ್ಲಜನಕವನ್ನೂ ಕಿತ್ತೊಯ್ಯುತ್ತದೆ. ಬಿಸಿಲಿಗೆ ಮೊದಲನೆಯದಷ್ಟೇ ಸುಲಭ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ 2005ರಲ್ಲಿ ಕನ್ನಡಿಗಳ ಕಾವಿನಿಂದ ಗಂಟೆಗೆ ಸುಮಾರು 45 ಕಿಲೊ ಸತುವನ್ನು ಅದರ ಆಕ್ಸೈಡಿನಿಂದ ಬಿಡಿಸಿದರು. ಅಲ್ಲಿಯೂ ಇದ್ದಿಲು ಬೇಕಾಯಿತು. ಉರಿಸಲಿಕ್ಕಲ್ಲ, ಆಮ್ಲಜನಕ ಕೀಳಲಿಕ್ಕೆ. ಉರುವಲಿಗೆಂದು ಕಡಿಯುವ ಮರವಾದರೂ ಉಳಿಯಿತಲ್ಲ! ಚಿನ್ನದ ಕತೆ ಇನ್ನೂ ವಿಚಿತ್ರ. ಅದು ಬಹುಮಟ್ಟಿಗೆ ಚಿನ್ನವಾಗಿಯೇ ಕಲ್ಲಿನಲ್ಲಿ ಅಡಗಿರುತ್ತದೆ. ಟನ್ ಕಲ್ಲಿಗೆ ಕೆಲವು ಗ್ರಾಂ ಸಿಕ್ಕರೆ ಅದೇ ದೊಡ್ಡದು. ಅಷ್ಟಕ್ಕಾಗಿ ಕಲ್ಲನ್ನೆಲ್ಲ ಕರಗಿಸುವವರಾರು? ಕುಟ್ಟಿ, ಅರೆದು, ಬೇರ್ಪಡಿಸಬೇಕು. ಕಾವಿನ ಕೆಲಸ ಕೊನೆಗೆ.

ಹೋದ ಬೇಸಿಗೆಯಲ್ಲಿ ಆದವಾನಿಗೆ ಹೋದಾಗ ತಮ್ಮನ ಮಗಳಿಗೆ ಇದನ್ನೆಲ್ಲ ಹೇಳಿದೆ. ತೆಲುಗು ಮಾಧ್ಯಮದ ಹುಡುಗಿ. ಕನ್ನಡದಲ್ಲಿ ಕೇಳಿಸಿಕೊಂಡಳು, ಪ್ರಶ್ನೆ ಹಾಕಿದ್ದು ತೆಲುಗಿನಲ್ಲಿ: ಅಜ್ಜನ ಆ ಭೂತಕನ್ನಡಿ ಈಗ ಎಲ್ಲಿದೆ ಅತ್ತೆ? ಅದು ಕಾಸರಗೋಡಿನಲ್ಲಿ, ನನ್ನ ಕಪಾಟಿನಲ್ಲಿದೆ. ಈ ಸಲ ಹೋಗುವಾಗ ಒಯ್ಯಬೇಕು.