ಪದ ಪರಿಚಯ: ಅಳುಕು

‘ಅಂಜದೆ ಅಳುಕದೆ’ ಎಂದು ಜೋಡಿಯಾಗಿ ಆಡುತ್ತೇವಾದರೂ ಎರಡೂ ಒಂದೇ ಅಲ್ಲ. ಹಳಗನ್ನಡದ ‘ಅಳ್ಕು’ ನಡುವೆ ಉಕಾರ ಪಡೆದು ‘ಅಳುಕು’ ಆಗಿದೆ. ಕ್ರಿಯಾಪದವೂ ಹೌದು, ನಾಮಪದವೂ ಹೌದು. ಹಾವಿಗೆ ಅಂಜುತ್ತೇವೆ. ಅಳುಕು ಹುಟ್ಟುವುದು ಒಳಗೆ: ತಪ್ಪು ಮಾಡಿದವರ ಮನಸ್ಸಿನಲ್ಲಿ, ಇಲ್ಲವೇ ‘ನನ್ನಿಂದ ಇದು ಆದೀತೇ’ ಎಂಬ ಶಂಕೆಯಲ್ಲಿ.

ಯೋಶಿಫುಮಿ ಕೊಂಡೊ ನಿರ್ದೇಶಿಸಿದ 1995ರ ಜಪಾನಿ ಆನಿಮೇಷನ್ ಚಿತ್ರ ‘ವಿಸ್ಪರ್ ಆಫ್ ದಿ ಹಾರ್ಟ್’ ನೋಡುವಾಗ ನನಗೆ ಈ ಪದವೇ ಹೊಳೆಯುತ್ತದೆ. ಗೆಳೆಯ ಸೇಜಿ ಪಿಟೀಲು ತಯಾರಿಕೆ ಕಲಿಯಲು ಇಟಲಿಗೆ ಹೊರಟಾಗ, ಶಾಲಾ ಹುಡುಗಿ ಶಿಜುಕು ಕಥೆಯೊಂದನ್ನು ಬರೆದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ನಿರ್ಧರಿಸುತ್ತಾಳೆ. ಸೇಜಿಯ ಅಜ್ಜ ಅವಳಿಗೆ ಒಳಗೆ ಹಸಿರು ಹರಳು ಹುದುಗಿರುವ ಒರಟು ಕಲ್ಲೊಂದನ್ನು ತೋರಿಸುತ್ತಾರೆ. ಮುಂದೆ ಆ ಕಲ್ಲೇ ಕನಸಿಗೆ ನುಗ್ಗುತ್ತದೆ. ಹೊಳೆಯುವ ಹರಳೆಂದು ಅವಳು ಎತ್ತಿಕೊಂಡದ್ದು ಅಂಗೈಯಲ್ಲಿ ಸತ್ತ ಹಕ್ಕಿಮರಿಯಾಗುತ್ತದೆ. ಅಳುಕನ್ನು ಇಷ್ಟು ನಿಖರವಾಗಿ ಕಾಣಿಸಿದ ದೃಶ್ಯಗಳು ಅಪರೂಪ. ಇದನ್ನು ‘ಕೀಳರಿಮೆ’ ಎನ್ನಲಾಗದು. ಕೀಳರಿಮೆ ಕೈ ಕಟ್ಟಿಹಾಕುತ್ತದೆ. ಶಿಜುಕು ಅಳುಕುತ್ತಲೇ ಕಥೆ ಮುಗಿಸಿ, ಮೊದಲು ಓದಲೆಂದು ಅಜ್ಜನಿಗೇ ಕೊಡುತ್ತಾಳೆ.