ಒಕ್ಕಲು ಎಂಬ ಮಾತು

ಯಲಬುರ್ಗಾ, ಕುಷ್ಟಗಿ ಸೀಮೆಯ ಹಳ್ಳಿಗಳಲ್ಲಿ ಬೇಸಾಯಕ್ಕೆ ಬೇಸಾಯವೆಂಬ ಹೆಸರು ಸಲ್ಲುವುದಿಲ್ಲ, ಅದು ಒಕ್ಕಲುತನ. ಎರೆಹೊಲದಲ್ಲಿ ಬಿಳಿಜೋಳವನ್ನೂ ಮಸಾರಿಯಲ್ಲಿ ಸಜ್ಜೆಯನ್ನೂ ಬಿತ್ತಿ, ಮುಗಿಲಿನ ಮುಖವನ್ನೇ ನೋಡುತ್ತ ಬಾಳುವ ಆ ಜನರನ್ನು ಉದ್ಯೋಗವೇನೆಂದು ವಿಚಾರಿಸಿದರೆ "ಒಕ್ಕಲುತನ ಮಾಡ್ಕೊಂಡದೀವ್ರೀ" ಎಂಬ ಉತ್ತರ ಬರುತ್ತದೆ. ಹೊಲ, ಮನೆ, ಎತ್ತು, ಹೆಂಡತಿ ಮಕ್ಕಳು, ಹಾಸಿಗೆ ಹಿಡಿದ ಮುದುಕರು, ಹಗೇವಿನ ಕಾಳು, ಹಬ್ಬದ ಹೋಳಿಗೆ ಎಲ್ಲವೂ ಆ ಒಂದು ಮಾತಿನ ಆಶ್ರಯದಲ್ಲಿರುತ್ತವೆ. ಹೊಲದಲ್ಲಿ ದುಡಿಯುವವನ ಶ್ರಮಕ್ಕೂ ಒಲೆಯ ಮುಂದೆ ದುಡಿಯುವವಳ ಶ್ರಮಕ್ಕೂ ನಡುವೆ ಈ ಶಬ್ದವು ಗೋಡೆಯನ್ನು ಎತ್ತಿಲ್ಲ. ಕನ್ನಡದ ತಿರುಳು ನೆಲೆಗೊಂಡ ನಾಡುಗಳಲ್ಲೊಂದೆಂದು ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿಯೇ ಹೆಸರಿಸಿದ ಕೊಪಣವು ಇಂದಿನ ಕೊಪ್ಪಳವೇ ಆಗಿರುವುದರಿಂದ, ಈ ಸೀಮೆಯ ಜನ ದಿನಬಳಕೆಯಲ್ಲಿ ಉಳಿಸಿಕೊಂಡು ಬಂದಿರುವ ಒಂದು ಮಾತನ್ನು ತುಸು ನಿಂತು ಕೇಳುವುದು ಉಚಿತವೇ ಸರಿ.

ಹಳಗನ್ನಡದ ಒಕ್ಕಲ್ ಎಂಬುದಕ್ಕೆ ಮನೆ, ಬಿಡಾರ, ಕುಟುಂಬ, ಗೇಣಿಯಲ್ಲಿರುವವನು ಎಂಬ ಅರ್ಥಗಳೆಲ್ಲ ಉಂಟು. ತಮಿಳಿನ ಪ್ರಾಚೀನ ಕಾವ್ಯಗಳಲ್ಲಿ ಅದೇ ಶಬ್ದವು ಬಂಧುಬಳಗವನ್ನು ಸೂಚಿಸುತ್ತದೆ. ಕೊಡಗಿನಲ್ಲಿ ಒಂದು ಮೂಲಪುರುಷನಿಂದ ಬಂದ ಮನೆತನಕ್ಕೆ ಒಕ್ಕ ಎಂದೇ ಹೆಸರು. ಹಳೆಯ ಮೈಸೂರಿನ ಕಡೆ ಹೋದರೆ ಮಲೆಯ ಮಾದೇಶ್ವರನನ್ನು ಮನೆದೇವರಾಗಿ ಪಡೆದವರು ತಮ್ಮನ್ನು ಆ ದೇವರ ಒಕ್ಕಲೆಂದು ಹೇಳಿಕೊಳ್ಳುವರು. ನಮ್ಮ ಕಡೆಯವರು ಅದನ್ನೇ ಹುಲಿಗೆಮ್ಮನಿಗೆ ನಡೆದುಕೊಳ್ಳುವವರೆಂದು ಬೇರೆ ಮಾತಿನಲ್ಲಿ ಹೇಳುತ್ತಾರೆ. ಇನ್ನು ತೆನೆಯಿಂದ ಕಾಳನ್ನು ಬೇರ್ಪಡಿಸುವ ಒಕ್ಕು ಎಂಬ ಕ್ರಿಯಾಪದವಿದೆ. ವ್ಯುತ್ಪತ್ತಿಯ ವಿಷಯದಲ್ಲಿ ಪಂಡಿತರ ನಿರ್ಣಯ ಹೇಗೇ ಇರಲಿ, ಜನರ ಕಿವಿಯಲ್ಲಿ ಒಕ್ಕುವುದೂ ಒಕ್ಕಲೂ ಒಡಹುಟ್ಟಿದವುಗಳಾಗಿಯೇ ಉಳಿದಿವೆ. ಮೇಟಿಯ ಸುತ್ತ ಎತ್ತುಗಳನ್ನು ಹೊಡೆದು ರಾತ್ರಿಯಿಡೀ ಹಂತಿಯ ಪದ ಹಾಡುತ್ತ ತೆನೆ ತುಳಿಸುತ್ತಿದ್ದ ಕಾಲ ಹಿಂದಕ್ಕೆ ಸರಿದು, ಯಂತ್ರಗಳು ಬಂದು, ಕೆಲಸಕ್ಕೆ ರಾಶಿ ಮಾಡುವುದೆಂಬ ಹೆಸರೇ ಗಟ್ಟಿಯಾದ ಮೇಲೆಯೂ ಒಕ್ಕಲುತನವೆಂಬ ಮಾತು ಮಾತ್ರ ಅಳಿಯಲಿಲ್ಲ.

ಈ ಮಾತನ್ನು ನಾನು ಈಗ ನೆನೆಯುವುದಕ್ಕೆ ಕಾರಣ ಹೊಲವಲ್ಲ; ಗಂಗಾವತಿ, ಕೊಪ್ಪಳಗಳಿಂದ ಬೆಂಗಳೂರಿಗೆ ಹೋಗಿ, ಬೆಂಗಳೂರಿನಿಂದ ಸಮುದ್ರ ದಾಟಿದ ನಮ್ಮ ಹೆಣ್ಣುಮಕ್ಕಳು. ಎಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಹಿಡಿದು, ಅಮೆರಿಕೆಯ ಹಗಲಿಗೆ ಹೊಂದಿಸಿಕೊಂಡು ತಮ್ಮ ರಾತ್ರಿಗಳನ್ನು ದುಡಿಮೆಗೆ ಕೊಟ್ಟು, ವಾರದ ಕೊನೆಯಲ್ಲಿ ಚರ್ಚ್ ಸ್ಟ್ರೀಟಿನಲ್ಲಿಯೋ ಇಂದಿರಾನಗರದಲ್ಲಿಯೋ ಗೆಳತಿಯರೊಡನೆ ಹಾಡು ಕುಣಿತಗಳ ನಡುವೆ ಹೊತ್ತು ಕಳೆದು, ತಿಂಗಳ ಮೊದಲಲ್ಲಿ ತಂದೆಯ ಖಾತೆಗೆ ಹಣ ಕಳಿಸಿ, ತಮ್ಮನ ಫೀಜು ಕಟ್ಟಿ ಬಾಳಿದವರು ಅವರು. ಆ ರಾತ್ರಿಗಳನ್ನು ನಿಂದಿಸುವವರು ಹಲವರಿದ್ದಾರೆ. ಅವರ ಪಂಕ್ತಿಯಲ್ಲಿ ಕೂಡುವುದು ನನ್ನಿಂದಾಗದು. ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲೊಳಗೆ ಇರಬೇಕೆಂಬ ಕಟ್ಟಳೆಯಲ್ಲಿ ಬೆಳೆದ ಹುಡುಗಿಯೊಬ್ಬಳು ತಾನು ದುಡಿದ ಹಣವನ್ನು ಕೈಯಲ್ಲಿ ಹಿಡಿದು ರಾತ್ರಿ ಹತ್ತರ ಮೇಲೆ ದೊಡ್ಡ ಬೀದಿಯಲ್ಲಿ ನಿರ್ಭಯವಾಗಿ ನಡೆದಾಡಿದ್ದು ಅವಳ ಮಟ್ಟಿಗೆ ಕೇವಲ ವಿಲಾಸವಾಗಿರಲಿಲ್ಲ. ಅವಳ ತಾಯಿಗಾಗಲಿ ಅಜ್ಜಿಗಾಗಲಿ ದೊರೆಯದಿದ್ದ ಒಂದು ವಿಸ್ತಾರವು ಅವಳ ಆಯುಷ್ಯಕ್ಕೆ ಆಗ ಒದಗಿತ್ತು.

ಇಂಥವಳು ಮದುವೆಯಾಗಿ, ಕೆಲಸಕ್ಕೆ ರಾಜೀನಾಮೆ ಬರೆದು, ಗಂಡನ ಹಿಂದೆ ಅಮೆರಿಕೆಗೆ ಹೊರಡುತ್ತಾಳೆ. ಬಲವಂತದಿಂದ ಹೋದವರೂ ಇದ್ದಾರು. ಆದರೆ ಗದ್ದಲವು ಸಾಕಾಗಿ, ತನ್ನದೆಂಬ ಒಂದು ಮನೆ ಬೇಕೆನ್ನಿಸಿ, ಮನಸಾರೆ ಒಪ್ಪಿ ಹೋದವರನ್ನು ನಾನು ಬಲ್ಲೆ. ಅಲ್ಲಿ ಅವಳಿಗೆ ದೊರೆಯುವ ಎಚ್-4 ಎಂಬ ವೀಸಾದಲ್ಲಿ ಅವಳ ಗುರುತು ಅವಲಂಬಿತಳೆಂಬುದು. 2015ರ ಮೇ 26ರವರೆಗೆ ಈ ವೀಸಾದ ಮೇಲೆ ಹೋದವರಿಗೆ ಸಂಬಳದ ಕೆಲಸ ಮಾಡುವ ಅಧಿಕಾರವೇ ಇರಲಿಲ್ಲ. ಆ ದಿನ ಜಾರಿಗೆ ಬಂದ ನಿಯಮವು ಕೂಡ, ಗಂಡನ ಕಾಯಂ ವಾಸದ ಅರ್ಜಿಯು ಒಂದು ಹಂತವನ್ನು ದಾಟಿದ್ದರೆ ಮಾತ್ರ ಹೆಂಡತಿಯು ಅನುಮತಿ ಕೇಳಬಹುದೆಂದು ಹೇಳಿತು. ಹೀಗಾಗಿ, ಹತ್ತು ಜನರ ತಂಡವನ್ನು ನಡೆಸಿದವಳು ಹಿಮ ಸುರಿಯುವ ಊರಿನ ಅಪಾರ್ಟ್‌ಮೆಂಟಿನಲ್ಲಿ ಜೋಳದ ಹಿಟ್ಟು ಯಾವ ಅಂಗಡಿಯಲ್ಲಿ ಸಿಕ್ಕೀತೆಂದು ಹುಡುಕುತ್ತ, ಕೂಸಿಗೆ ಕನ್ನಡ ಕಲಿಸುತ್ತ, ಕಾರು ನಡೆಸಲು ಕಲಿಯುತ್ತ, ಹೊಸ ನೆರೆಹೊರೆಯ ಪರಿಚಯ ಮಾಡಿಕೊಳ್ಳುತ್ತ, ನಿಶ್ಶಬ್ದವಾದ ದೀರ್ಘ ಹಗಲುಗಳಿಗೆ ಒಗ್ಗಿಕೊಳ್ಳುತ್ತಾಳೆ.

ಅವಳ ತಾಯಿ ಫೋನಿನಲ್ಲಿ "ಏನ್ ಮಾಡಾಕತ್ತೀಯವ್ವಾ?" ಎಂದು ಕೇಳುತ್ತಾಳೆ. "ಏನೂ ಇಲ್ಲಬೇ, ಮನ್ಯಾಗ ಅದೀನಿ" ಎಂದು ಮಗಳು ಉತ್ತರಿಸುತ್ತಾಳೆ. ಈ "ಏನೂ ಇಲ್ಲ" ಎಂಬುದನ್ನು ಕೇಳಿದಾಗಲೆಲ್ಲ ನನ್ನ ಮನಸ್ಸಿಗೆ ನೋವಾಗುತ್ತದೆ. ಅವಳ ಅಜ್ಜಿಯಾಗಿದ್ದರೆ, ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿ ಹೊಲಕ್ಕೆ ನಡೆದು ಸಂಜೆ ದನಕ್ಕೆ ನೀರು ತೋರಿಸುವವರೆಗಿನ ಸಮಸ್ತವನ್ನೂ ಒಕ್ಕಲುತನವೆಂಬ ಒಂದೇ ಹೆಸರಿನಲ್ಲಿ ಕರೆದು, ತಾನು ದುಡಿಯುವವಳೆಂದು ತಲೆಯೆತ್ತಿ ಹೇಳುತ್ತಿದ್ದಳು. ಮೊಮ್ಮಗಳಿಗೆ ಆ ಹೆಸರು ದೊರೆಯದೆ ಹೋಯಿತು. ಸಂಬಳದ ಚೀಟಿಯುಳ್ಳದ್ದು ಮಾತ್ರ ಕೆಲಸವೆಂಬ ಎಣಿಕೆಯನ್ನು ಬೆಂಗಳೂರಿನ ವರ್ಷಗಳು ಅವಳಿಗೆ ಕಲಿಸಿದವು. ನಮ್ಮ ಸರ್ಕಾರದ ಲೆಕ್ಕಾಚಾರವೂ ಅದಕ್ಕೆ ಅನುಕೂಲವಾಗಿಯೇ ಇದೆ. ಭಾರತದ ಜನಗಣತಿಯಲ್ಲಿ ತನ್ನ ಮನೆಗೆಲಸವನ್ನಷ್ಟೇ ಮಾಡುವ ಹೆಂಗಸು ಕೆಲಸಗಾರರಲ್ಲದವರ ಕಲಮಿಗೆ ಸೇರುತ್ತಾಳೆ. 2019ರಲ್ಲಿ ದೇಶದಾದ್ಯಂತ ನಡೆದ ಕಾಲಬಳಕೆಯ ಸಮೀಕ್ಷೆಯಾದರೋ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಅದರಲ್ಲಿ ಕೈಹಾಕುವ ಗಂಡಸರು 97 ನಿಮಿಷಗಳನ್ನೂ ವೆಚ್ಚ ಮಾಡುವರೆಂದು ತೋರಿಸಿಕೊಟ್ಟಿತು. ಐದು ಗಂಟೆಗಳ ನಿತ್ಯದ ದುಡಿಮೆಯನ್ನು ಕೆಲಸವಲ್ಲವೆಂದು ಬರೆದುಕೊಳ್ಳುವ ಕಾಗದಕ್ಕಿಂತ ಕುಷ್ಟಗಿಯ ಒಕ್ಕಲಗಿತ್ತಿಯ ಮಾತು ಹೆಚ್ಚು ಸತ್ಯವಾದುದೆಂದು ನಾನು ನಂಬಿದ್ದೇನೆ.

ಇಲ್ಲಿಂದ ಅಲ್ಲಿಗೆ ಹೋದವರ ಮಾತಾಯಿತು. ಅಲ್ಲಿಂದ ಇಲ್ಲಿಗೆ ಬಂದವರೂ ಉಂಟಷ್ಟೆ. ಹಂಪೆಯ ವಿರೂಪಾಕ್ಷನ ಗುಡಿಗೆ ಎದುರಾಗಿ, ತುಂಗಭದ್ರೆಯ ಈಚೆಯ ದಡದಲ್ಲಿ, ಗಂಗಾವತಿ ತಾಲ್ಲೂಕಿಗೆ ಸೇರಿದ ವಿರೂಪಾಪುರಗಡ್ಡಿಯು ಯುರೋಪು, ಇಸ್ರೇಲು ಮುಂತಾದ ದೇಶಗಳ ತರುಣ ತರುಣಿಯರಿಗೆ ಬಹುಕಾಲ ವಿಶ್ರಾಂತಿಯ ಬೀಡಾಗಿತ್ತು. ದೊಡ್ಡ ನಗರಗಳ ಉದ್ಯೋಗಗಳನ್ನು ಬಿಟ್ಟು ಬಂದವರು, ಸೈನ್ಯದ ಸೇವೆ ಮುಗಿಸಿ ಬಂದವರು, ಬಂಡೆಗಳನ್ನೇರುವ ಹವ್ಯಾಸದವರು ಬತ್ತದ ಗದ್ದೆಯ ಅಂಚಿನ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಇದ್ದು, ತಮ್ಮ ಕೈಯಿಂದಲೇ ಅಡಿಗೆ ಮಾಡಿಕೊಂಡು, ಹಳ್ಳಿಯ ಮಕ್ಕಳೊಡನೆ ಆಡಿಕೊಂಡಿದ್ದುದನ್ನು ಈ ಭಾಗದ ಜನ ಕಂಡಿದ್ದಾರೆ. ಅವರು ಅರಸಿ ಬಂದ ಶಾಂತಿಯೇ ಅಲ್ಲಿ ವ್ಯಾಪಾರವಾಯಿತು. ಗುಡಿಸಲುಗಳ ಸ್ಥಾನದಲ್ಲಿ ರೆಸಾರ್ಟುಗಳು ಎದ್ದವು. ಯಾವ ರಾತ್ರಿಯ ಗದ್ದಲವನ್ನು ಬಿಟ್ಟು ಅವರು ಬಂದಿದ್ದರೋ ಆ ಗದ್ದಲವೇ ನದಿಯ ದಡಕ್ಕೆ ಬಂದು ನಿಂತಿತು. ಸ್ಮಾರಕಗಳ ರಕ್ಷಣೆಗಾಗಿ 1988ರಲ್ಲಿಯೇ ಸಂರಕ್ಷಿತವೆಂದು ಘೋಷಿತವಾಗಿದ್ದ ಆ ನೆಲದಲ್ಲಿ ಎದ್ದ ಕಟ್ಟಡಗಳು ಅಕ್ರಮವೆಂದು ಉಚ್ಚ ನ್ಯಾಯಾಲಯವು ನೀಡಿದ್ದ ತೀರ್ಪನ್ನು 2020ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಯಂತ್ರಗಳು ಬಂದು ಅವನ್ನು ಕೆಡವಿದವು. ಆಗ ಊರಿನವರ ಬಾಯಲ್ಲಿದ್ದ ಮಾತು ಒಕ್ಕಲೆಬ್ಬಿಸಿದರು ಎಂಬುದು. ಕಾನೂನಿನ ದೃಷ್ಟಿಯಿಂದ ಅದು ಸರಿಯಾದ ಕ್ರಮವೆಂದೇ ನಾನೂ ಭಾವಿಸುತ್ತೇನೆ. ಆದರೂ ಪರದೇಶದವರು ಚೀಲ ಹೊತ್ತುಕೊಂಡು ಸಣಾಪುರದ ಕಡೆಗೋ ಗೋಕರ್ಣಕ್ಕೋ ನಡೆದುಬಿಟ್ಟಮೇಲೆ, ಅಲ್ಲಿ ಅಡಿಗೆ ಮಾಡಿ, ಬಟ್ಟೆ ಒಗೆದು, ಹರಿಗೋಲು ಹಾಕಿ ಹೊಟ್ಟೆ ಹೊರೆಯುತ್ತಿದ್ದ ಸ್ಥಳದ ಕುಟುಂಬಗಳ ಮುಖದಲ್ಲಿ ಆ ಶಬ್ದದ ಪೂರ್ಣ ಭಾರವು ಕಾಣುತ್ತಿತ್ತು.

ಒಕ್ಕಲೆಂಬ ಮಾತು ಬಚ್ಚಿಡದ ಸಂಗತಿಯೊಂದು ಇದರಲ್ಲಿದೆ. ಅದು ಮನೆಯನ್ನೂ ಹೇಳುತ್ತದೆ, ಮನೆಯ ನೆಲವು ಇನ್ನೊಬ್ಬರ ಸ್ವಾಧೀನದಲ್ಲಿರುವುದನ್ನೂ ಅದೇ ಉಸಿರಿನಲ್ಲಿ ಹೇಳುತ್ತದೆ. ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ಮೂಲಗೇಣಿಯ ಒಕ್ಕಲು, ಚಾಲಗೇಣಿಯ ಒಕ್ಕಲು ಎಂದು ಎರಡು ಬಗೆಯಿತ್ತು: ಮೊದಲನೆಯವನನ್ನು ಗೇಣಿ ಸಲ್ಲಿಸುವವರೆಗೆ ಧಣಿಯು ಕದಲಿಸುವಂತಿರಲಿಲ್ಲ, ಎರಡನೆಯವನು ಧಣಿಯ ಮರ್ಜಿ ಇರುವವರೆಗೆ ಮಾತ್ರ ನಿಲ್ಲಬಹುದಾಗಿತ್ತು. ಅಮೆರಿಕೆಯಲ್ಲಿರುವ ನಮ್ಮ ದಂಪತಿಗಳ ಸ್ಥಿತಿಯು ಚಾಲಗೇಣಿಯವನ ಸ್ಥಿತಿಯನ್ನೇ ಹೋಲುತ್ತದೆ. ಉದ್ಯೋಗದ ಆಧಾರದ ಮೇಲೆ ಅಲ್ಲಿಯ ಸರ್ಕಾರವು ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶದವರಿಗೂ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯಿರುವುದರಿಂದ, ಭಾರತದಲ್ಲಿ ಹುಟ್ಟಿದವರ ಸಾಲು ಬಲು ಉದ್ದವಾಗಿ ಬೆಳೆದಿದೆ. ಮನೆ ಕೊಂಡು, ಅಂಗಳದಲ್ಲಿ ಕರಿಬೇವು ನೆಟ್ಟು, ಮಕ್ಕಳನ್ನು ಅಲ್ಲಿಯ ಶಾಲೆಗೆ ಹಾಕಿದ ಮೇಲೆಯೂ ಗಂಡನ ಕೆಲಸ ಹೋದರೆ ಮನೆಯವರೆಲ್ಲರ ವಾಸವೂ ಅಲುಗಾಡುತ್ತದೆ. ನಮ್ಮ ರಾಜ್ಯದಲ್ಲಿ 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ನಿಹಿತವಾಗಿ, ಉಳುತ್ತಿದ್ದ ಒಕ್ಕಲುಗಳು ಒಡೆಯರಾದರು. ಅಂಥ ದಿನಾಂಕವೊಂದು ಆ ದಂಪತಿಗಳ ಪಂಚಾಂಗದಲ್ಲಿ ಇನ್ನೂ ಕಾಣಿಸಿಕೊಂಡಿಲ್ಲ.

ಪರಸ್ಥಳದಲ್ಲಿ ಬೇರುಬಿಡುವುದಕ್ಕೆ ಹಿಡಿಯುವ ಕಾಲವನ್ನು ತಿಳಿಯಲು ಗಂಗಾವತಿಯ ಸುತ್ತಲೇ ನೋಡಬಹುದು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಸಿದ್ಧವಾಗಿ ಎಡದಂಡೆಯ ಕಾಲುವೆಗೆ ನೀರು ಹರಿದ ಮೇಲೆ, ಕೃಷ್ಣಾ ಗೋದಾವರಿಗಳ ಮುಖಜಭೂಮಿಯಿಂದ ತೆಲುಗು ರೈತರು ಬಂದು, ಗಂಗಾವತಿ, ಕಾರಟಗಿ, ಸಿಂಧನೂರುಗಳ ಬಯಲನ್ನು ಮಟ್ಟಮಾಡಿ ಬತ್ತದ ಕಣಜವನ್ನಾಗಿಸಿದರು. ಅವರ ಊರುಗಳಿಗೆ ಜನ ಕ್ಯಾಂಪುಗಳೆಂದರು. ಮೂರನೆಯ ತಲೆಮಾರು ಇಲ್ಲಿಯ ಶಾಲೆಗಳಲ್ಲಿ ಕನ್ನಡ ಕಲಿತು ದೊಡ್ಡದಾಗಿದ್ದರೂ, ನಾಳೆಯೇ ಡೇರೆ ಕಿತ್ತು ಹೊರಡುವರೇನೋ ಎಂಬಂತೆ, ಕ್ಯಾಂಪೆಂಬ ಹೆಸರು ಅಳಿದಿಲ್ಲ. ಇದಕ್ಕೆ ಪ್ರತಿಯಾಗಿ, ಮಳೆ ಕೈಕೊಟ್ಟ ವರ್ಷ ಯಲಬುರ್ಗಾ, ಕುಷ್ಟಗಿಗಳ ಒಣಭೂಮಿಯಿಂದ ಬೆಂಗಳೂರಿಗೂ ಗೋವೆಗೂ ಮಂಗಳೂರಿಗೂ ಹೊರಡುವವರದು ಗುಳೆ. ಗಾಡಿ ತುಂಬ ಪಾತ್ರೆ ಪಗಡಿ ಹೇರಿಕೊಂಡು, ಬಾಗಿಲಿಗೆ ಬೀಗ ಜಡಿದು, ಮುದುಕರನ್ನು ಊರಿನಲ್ಲಿ ಬಿಟ್ಟು ಹೋದವರು ಪರರ ಅಪಾರ್ಟ್‌ಮೆಂಟುಗಳನ್ನು ಕಟ್ಟುತ್ತ ತಾವು ತಾಡಪಾಲಿನ ಕೆಳಗೆ ಮಲಗುವರು. ಎಷ್ಟೇ ವರ್ಷ ಹೋಗಿಬಂದರೂ ಅವರನ್ನು ಬೆಂಗಳೂರಿನಲ್ಲಿ ಒಕ್ಕಲಾದರೆಂದು ಯಾರೂ ಹೇಳಲಿಲ್ಲ. ಆಫೀಸಿನ ಕನ್ನಡಿಯ ಕಟ್ಟಡದಲ್ಲಿ ದುಡಿಯುತ್ತಿದ್ದ ಗಂಗಾವತಿಯ ಹುಡುಗಿ ಮತ್ತು ಅದರ ಗಾರೆ ಹೊತ್ತ ಕುಷ್ಟಗಿಯ ಹೆಂಗಸು ಒಂದೇ ಜಿಲ್ಲೆಯವರು. ವಿಶ್ರಾಂತವಾದ ಗೃಹಜೀವನವನ್ನು ತಾನಾಗಿ ಆರಿಸಿಕೊಳ್ಳುವ ಭಾಗ್ಯ ಮೊದಲನೆಯವಳಿಗೆ ಮಾತ್ರ ಒದಗಿತು.

ಆ ಭಾಗ್ಯವಂತೆಯ ವಿಷಯದಲ್ಲಿಯೂ ನನಗೊಂದು ಚಿಂತೆಯಿದೆ. ಪುಷ್ಯಮಾಸದಲ್ಲಿ ಗವಿಸಿದ್ಧೇಶ್ವರನ ಜಾತ್ರೆಗೆಂದು ಊರಿಗೆ ಬಂದ ಮಗಳನ್ನು, ತೇರು ನೋಡಿ ಎರಡು ದಿನವಾಗುವಷ್ಟರಲ್ಲಿ, ಸಬ್ ರಿಜಿಸ್ಟ್ರಾರರ ಕಛೇರಿಗೆ ಕರೆದೊಯ್ಯುವ ಪದ್ಧತಿಯೊಂದು ಬೆಳೆದುಬಂದಿದೆ. "ನಿನಗ್ಯಾಕವ್ವಾ ಈ ಹೊಲಾ, ನೀ ಅಲ್ಲೇ ಇರಾಕಿ" ಎಂದು ಅಣ್ಣತಮ್ಮಂದಿರು ಪ್ರೀತಿಯಿಂದಲೇ ಹೇಳಿ ಹಕ್ಕುಬಿಡುಗಡೆಯ ಪತ್ರಕ್ಕೆ ಸಹಿ ಪಡೆಯುತ್ತಾರೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲೆಂಬ ತಿದ್ದುಪಡಿಯನ್ನು ಕರ್ನಾಟಕವು 1994ರ ಜುಲೈ 30ರಿಂದಲೂ, ಇಡೀ ದೇಶವು 2005ರ ಸೆಪ್ಟೆಂಬರ್ 9ರಿಂದಲೂ ಜಾರಿಗೆ ತಂದವು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸ್ಪಷ್ಟಪಡಿಸಿತು. ಸಂಬಳವನ್ನು ತಾನೇ ತ್ಯಜಿಸಿ ಹೋದವಳು, ವೀಸಾ ಗಂಡನ ಉದ್ಯೋಗದ ಮೇಲೆ ನಿಂತಿರುವವಳು, ಹುಟ್ಟೂರಿನ ಎರೆಹೊಲದಲ್ಲಿರುವ ತನ್ನ ಒಕ್ಕಲನ್ನೂ ಬರೆದುಕೊಟ್ಟುಬಿಟ್ಟರೆ ಅವಳ ಹೆಸರಿನಲ್ಲಿ ಉಳಿಯುವ ನೆಲ ಯಾವುದು? ಅನಿವಾಸಿಗಳಿಗೆ ವ್ಯವಸಾಯದ ಭೂಮಿಯು ಉತ್ತರಾಧಿಕಾರದಿಂದ ಬರಲು ನಮ್ಮ ವಿದೇಶಿ ವಿನಿಮಯದ ನಿಯಮಗಳು ಅಡ್ಡಿ ಮಾಡುವುದಿಲ್ಲ. ಅವರು ಅದನ್ನು ಕ್ರಯಕ್ಕೆ ಕೊಳ್ಳಲು ಮಾತ್ರ ಆಸ್ಪದವಿಲ್ಲ. ಈ ದಿನ ಸಹಿ ಹಾಕಿ ಬಿಟ್ಟುಕೊಟ್ಟ ಹೊಲವನ್ನು ಅವಳು ನಾಳೆ ಡಾಲರು ಹಿಡಿದು ಬಂದರೂ, ಪರದೇಶದಲ್ಲಿ ನೆಲೆಸಿರುವವರೆಗೆ, ಮರಳಿ ಕೊಳ್ಳಲಾರಳು. ಕಛೇರಿಯ ಮೆಟ್ಟಿಲು ಹತ್ತುವುದಕ್ಕೆ ಮೊದಲೇ ಇಷ್ಟನ್ನು ಅವಳಿಗೆ ತಿಳಿಯಹೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಅದು ಅವಳ ತಾಯಿಯೇ ಆದರೆ ಇನ್ನೂ ಒಳ್ಳೆಯದು.